ಅಕ್ವೇರಿಯಮ್ಮಿಗೆ ಮಣ್ಣು ಹಾಕಿದ ದಿನ

ಅಪ್ಪಾ,

ನಿಮ್ಮ ಅಕ್ವೇರಿಯಮ್ಮಿಗೆ ಇವತ್ತು ಮಣ್ಣು ಹಾಕಿದೆ. ಗಾಬರಿಯಾಗಬೇಡಿ, ನೀವು ಆ ಹೆಂಗಸಿನ ಜೊತೆ ಹೊರಟುಹೋದ ತಿಂಗಳಲ್ಲೇ ಮೀನುಗಳೆಲ್ಲ ಸತ್ತಿದ್ದವು. ನನಗೆ ಜ್ವರ ಬಂದರೆ ನಿಮಗೆ ಗೊತ್ತಾಗುತ್ತಿರಲಿಲ್ಲ. ಮೀನಿನ ನೀರು ಒಂದು ಡಿಗ್ರಿ ತಣ್ಣಗಾದರೆ ಮಾತ್ರ ಮನೆ ತಲೆಕೆಳಗಾಗುತ್ತಿತ್ತು. ದೊಡ್ಡ ಪ್ರಾಣಿದಯೆ ನಿಮ್ಮದು!

ಮೀನಿಲ್ಲದ ಆ ತೊಟ್ಟಿಗೆ ಅಮ್ಮ ಆರು ವರ್ಷ ವಾರವಾರವೂ ಹೊಸ ನೀರು ತುಂಬಿದಳು. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು. ನೀವು ತೀರಿಕೊಂಡ ಸುದ್ದಿ ಬಂದು ಹತ್ತು ದಿನವಾಯಿತು. ಇವತ್ತು ಬೆಳಿಗ್ಗೆ ಅವಳೇ, "ಸಾಕು ಕಣೆ, ಆ ನೀರು ಚೆಲ್ಲಿಬಿಡು" ಎಂದಳು.

ಚೆಲ್ಲಿದೆ. ನಿಮ್ಮ ಪ್ಲಾಸ್ಟಿಕ್ ಕೋಟೆಯನ್ನು ಕಸದ ಬುಟ್ಟಿಗೆ ಎಸೆದೆ. ತಳಕ್ಕೆ ಜಲ್ಲಿ ಹರಡಿ, ಮೇಲೆ ಜಾಲರಿ ಹಾಸಿ, ಮಣ್ಣು ತುಂಬಿ, ಪಾಚಿಯನ್ನೂ ಎರಡು ಜರೀಗಿಡಗಳನ್ನೂ ನೆಟ್ಟೆ. ಅಂಗಡಿಯಿಂದ ತಂದ ಹೆಬ್ಬೆರಳಷ್ಟು ಕಪ್ಪೆಯನ್ನು ಒಳಗೆ ಬಿಟ್ಟೆ. ಅದು ಎಲೆಯ ಕೆಳಗೆ ಹೋಗಿ ಕೂತಿತು. ನಿಮಗಿಂತ ವಾಸಿ, ಇಟ್ಟ ಕಡೆ ಇರುತ್ತದೆ.

ಅಮ್ಮ ಗಾಜಿಗೆ ಹಣೆ ಒತ್ತಿ ನೋಡುತ್ತಾ ಕೇಳಿದಳು, "ಒಂದ್ಸಲನಾದ್ರೂ ಫೋನ್ ಮಾಡಬಹುದಿತ್ತು ಅಲ್ವೇನೆ ಅವರು?"

"ಅಂಥ ಮನುಷ್ಯ ಎಲ್ಲಿ ಮಾಡ್ತಾನೆ, ಬಿಡಮ್ಮ" ಎಂದೆ.

ಹೋದ ವರ್ಷ ನೀವು ಎರಡು ಸಲ ಮಾಡಿದ್ದಿರಿ. ಮೊದಲ ಸಲ ದನಿ ಕೇಳಿದ ಕೂಡಲೇ ರಾಂಗ್ ನಂಬರ್ ಎಂದೆ. ಎರಡನೆಯ ಸಲ ನೀವು, "ಪುಟ್ಟೀ, ಇಡಬೇಡ ಕಣೆ" ಎಂದಿರಿ.

ಇಟ್ಟೆ.