ಅಮ್ಮ ಹಾಕಿದ ಗಂಟು

ಅಣ್ಣನಿಗೆ ತಂಗಿಯ ನಮಸ್ಕಾರ. ಕೆಮ್ಮು ಕಡಿಮೆಯಾಗಿದೆ, ನೀನು ಕೊಟ್ಟ ಉಣ್ಣೆ ಟೋಪಿ ತಲೆಯಿಂದ ಇಳಿದಿಲ್ಲ.

ದಕ್ಷಿಣ ಏಷ್ಯಾ ಅಧ್ಯಯನಕ್ಕೆಂದು ಇಲ್ಲಿನ ಗ್ರಂಥಾಲಯ ಆರು ತಿಂಗಳ ಫೆಲೋಶಿಪ್ ಕೊಟ್ಟಾಗ, ಮೊದಲು ಅಪ್ಪನ ಕಾಗದಗಳನ್ನೇ ಕೇಳುತ್ತೇನೆ ಅಂದಿದ್ದೆನಲ್ಲ, ಕೇಳಿದೆ. ಮಗ್ಗದವರ ಮಾತುಗಳನ್ನು ಚೀಟಿಗಳಲ್ಲಿ ಬರೆದು ಅಪ್ಪ ಇಲ್ಲಿನ ಪ್ರೊಫೆಸರರಿಗೆ ಕಳಿಸಿದ, ಬಟ್ಟೆ ಸುತ್ತಿ ಹೊಲಿದ ಒಂಬತ್ತು ಪಾರ್ಸೆಲ್‌ಗಳೂ ಒಂದೇ ಪೆಟ್ಟಿಗೆಯಲ್ಲಿವೆ. ಒಂದರ ಹೊಲಿಗೆಯನ್ನೂ ಯಾರೂ ಬಿಚ್ಚಿಲ್ಲ. ಅಮ್ಮ ಹಾಕಿದ ಗಂಟುಗಳು ಹಾಗೇ ಇವೆ, ಅರಗು ಕೂಡ ಒಡೆದಿಲ್ಲ. "ಓದ್ತಾ ಇರ್ತಾರೆ, ಅವಸರ ಮಾಡಬಾರದು" ಅಂತ ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು, ನೆನಪಿದೆಯಾ?

ಗ್ರಂಥಪಾಲಕಿ ಕತ್ತರಿ ತಂದು, "ಕತ್ತರಿಸಲಾ?" ಎಂದು ಕೇಳಿದರು. "ಬೇಡ, ನಮ್ಮಮ್ಮನ ಗಂಟು ಬಿಚ್ಚೋದು ನನಗೆ ಗೊತ್ತು" ಅಂದೆ. ಅಂದೆನೇ ಹೊರತು ಕೈ ಏಳಲಿಲ್ಲ. ಪೆಟ್ಟಿಗೆ ಹಾಗೇ ವಾಪಸ್ ಹೋಯಿತು. ನಾಳೆ ಮತ್ತೆ ಕೇಳುತ್ತೇನೆ.

ಕಾರ್ಡಿನಲ್ಲಿ ಜಾಗವಿಲ್ಲ. ಇದನ್ನು ಅಮ್ಮನಿಗೆ ಓದಿ ಹೇಳುವವನು ನೀನೇ ತಾನೆ? "ಪ್ರೊಫೆಸರರು ಎಲ್ಲವನ್ನೂ ಬಿಚ್ಚಿ ಓದಿ, ಮತ್ತೆ ನಿನ್ನ ಹಾಗೇ ಹೊಲಿದಿಟ್ಟಿದ್ದಾರಂತಮ್ಮ" ಅಂತ ಓದು.