ಓದದೆ ಬಿಟ್ಟ ಪುಟ

ನಲ್ಲೂರು
೧೪-೧೧-೧೯೮೨

ಪ್ರೀತಿಯ ಮಂಗಳಕ್ಕಾ,

ಕಾಲಿನ ಬಾವು ಇಳಿಯಿತೇ? ನಿನಗೆ ಒಂಬತ್ತನೇ ತಿಂಗಳು ಬಿತ್ತು, ಬಿಂದಿಗೆ ಎತ್ತಬೇಡ ಎಂದು ಅವ್ವ ಹೇಳಿದ್ದಾಳೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ಒಳಕೋಣೆಗೆ ಸುಣ್ಣ ಬಳಿಸಿ ಕಾದಿದ್ದಳು. ಆದರೆ ನಿನ್ನೆ ನಿನ್ನನ್ನು ಕರೆತರಲು ಬಸವಾಪಟ್ಟಣಕ್ಕೆ ಬಂದ ಅಪ್ಪ ಒಬ್ಬನೇ ಹಿಂದಿರುಗಿದ. "ಕೂಟ ಬಿಟ್ಟೋರ ಮನೆಗೆ ನಮ್ಮ ಸೊಸೇನ ಯಾಕೆ ಕಳಿಸ್ಬೇಕ್ರೀ?" ಎಂದರಂತೆ ನಿನ್ನ ಮಾವ ವಿರೂಪಾಕ್ಷಪ್ಪನವರು. ಏಳೂರಿನ ಅಡಿಕೆ ಕೂಟಕ್ಕೆ ಅಧ್ಯಕ್ಷರಾದರೆ ನಿನ್ನ ಹೊಟ್ಟೆಯ ಕೂಸಿಗೂ ಅವರೇ ಅಧ್ಯಕ್ಷರೇ?

ಕೂಟ ಬಿಡಬೇಕೆಂದವನು ನಾನೇ. ಈಗಲೂ ಅದನ್ನೇ ಹೇಳುತ್ತೇನೆ. ನಮ್ಮೂರಿನ ಒಳ್ಳೆಯ ಅಡಿಕೆಯನ್ನು ಎಲ್ಲರ ರಾಶಿಗೆ ಬೆರೆಸಿ ಒಂದೇ ದರ ಕಟ್ಟುವುದು ಯಾವ ನ್ಯಾಯ? ಊರ ಸಭೆಯಲ್ಲಿ, ಪೇಟೆಯಿಂದ ತಂದಿದ್ದ ವಿದೇಶದ ಸುದ್ದಿಯ ಕಿರುಹೊತ್ತಿಗೆ ತೆರೆದು ಓದಿದೆ. ಹಿಮದ ನಾಡು ಗ್ರೀನ್‌ಲ್ಯಾಂಡಿನಲ್ಲಿ ಇರುವುದು ಐವತ್ತು ಸಾವಿರ ಜನ. ದೊಡ್ಡ ದೇಶಗಳ ದೋಣಿಗಳು ತಮ್ಮ ಮೀನು ಬಾಚುತ್ತವೆಂದು ಯುರೋಪಿನ ಮಾರುಕಟ್ಟೆ ಕೂಟ ಬಿಡಲು ಈ ವರ್ಷ ಓಟು ಹಾಕಿದರು. ನಮಗೇನು ಕೈಯಿಲ್ಲವೇ ಎಂದೆ. ಎಪ್ಪತ್ತೊಂದು ಕೈ ಎದ್ದವು. ಅಪ್ಪನದು ಏಳಲಿಲ್ಲ.

ಈಗ ಅಡಿಕೆ ಒಯ್ಯುವ ಕೂಟದ ಲಾರಿ ನಮ್ಮೂರಲ್ಲಿ ನಿಲ್ಲುವುದಿಲ್ಲ. ಎಲ್ಲರೂ ನನ್ನತ್ತಲೇ ಬೆರಳು ತೋರಿಸುತ್ತಾರೆ. ಎಲ್ಲರಿಗಿಂತ ಮೊದಲು ಕೈ ಎತ್ತಿದ ಬೆನಕಪ್ಪನೇ ಹೋಟೆಲಿನಲ್ಲಿ, "ಬಾರಪ್ಪಾ ಗ್ರೀನ್‌ಲ್ಯಾಂಡು! ಮೀನು ಹಿಡಿಯೋರ ಮಾತು ಕೇಳಿ ಅಡಿಕೆ ಬೆಳೆಯೋರು ಕೆಟ್ವಿ" ಎಂದು ಜನರನ್ನು ನಗಿಸುತ್ತಾನೆ. ಇಂಥವರನ್ನು ಕಟ್ಟಿಕೊಂಡು ಯಾವ ಹೋರಾಟ ಮಾಡಲಿ? ಸಿಟ್ಟಿನಲ್ಲಿ ಹೊತ್ತಿಗೆಯನ್ನು ಮತ್ತೆ ತೆರೆದೆ. ಓಟು ಹಾಕಿದ ಆ ಗ್ರೀನ್‌ಲ್ಯಾಂಡಿನ ಜನ ಇನ್ನೂ ತಮ್ಮ ಕೂಟದಿಂದ ಹೊರಬಂದಿಲ್ಲವಂತೆ. ಏನು ಬಿಡಬೇಕು, ಏನು ಉಳಿಸಿಕೊಳ್ಳಬೇಕೆಂದು ಕೂತು ಮಾತಾಡುತ್ತಿದ್ದಾರಂತೆ. ನಾವು ಸೋಮವಾರ ಕೈ ಎತ್ತಿ ಮಂಗಳವಾರ ಕೂಟದ ಬೋರ್ಡು ಕಿತ್ತೆವು. ಆ ಪುಟವನ್ನು ನಾನು ಸಭೆಯಲ್ಲಿ ಓದಿರಲಿಲ್ಲ.

ಅವ್ವ ಬೈಯುವುದಿಲ್ಲ, ಅದೇ ಕಷ್ಟ. ರಾತ್ರಿ ರೊಟ್ಟಿ ಬಡಿಸುತ್ತ, "ಆ ಮೀನಿನ ದೇಶದಾಗೆ ಹೆಣ್ಮಕ್ಳು ತವರಿಗೆ ಹೋಗ್ತಾರೇನೋ?" ಎಂದು ಕೇಳಿದಳು. ಹೊತ್ತಿಗೆಯಲ್ಲಿ ಅದಿಲ್ಲ.

ಅತ್ತೆಯವರಿಗೆ, ಭಾವನವರಿಗೆ ನನ್ನ ಶರಣು. ಈ ಕಾಗದ ಮಾವನವರ ಕಣ್ಣಿಗೆ ಬೀಳದಿರಲಿ.

ನಿನ್ನ ತಮ್ಮ,
ಕೊಟ್ರಬಸಪ್ಪ

ತಾ.ಕ.: ಗುರುವಾರ ಮೊದಲ ಬಸ್ಸಿಗೆ ನಾನೇ ಬರುತ್ತೇನೆ. ಮಾವನವರ ಕಾಲು ಹಿಡಿಯುತ್ತೇನೆ. 'ಇದು ಅಕ್ಕನಿಗಾಗಿ, ಓಟು ತಪ್ಪಾಯಿತೆಂದಲ್ಲ' ಎಂದು ಹೇಳಬೇಕೆಂದಿದ್ದೆ. ಹೇಳುವುದಿಲ್ಲ; ಆ ಪುಟ ಓದದೆ ಬಿಟ್ಟವನು ನಾನೇ. ಬಟ್ಟೆಗಂಟು ಕಟ್ಟಿಟ್ಟಿರು.