ಕೆಟ್ಟಿರುವುದು ನಿನ್ನ ಕಣ್ಣಲ್ಲ

ಪುಟ್ಟೀ,

ನೀನು ಮಲಗಿದ್ದೆ ಅಂತ ಎಬ್ಬಿಸಲಿಲ್ಲ. ಟಿವಿಯಲ್ಲಿ ಮುಖಗಳು ಚೌಕ ಚೌಕವಾಗಿ ಒಡೆದು ಕಾಣುತ್ತವೆ, ಆಪರೇಷನ್ ಮಾಡಿದ ಕಣ್ಣು ಮತ್ತೆ ಹೋಯಿತು ಅಂತ ನಿನ್ನೆ ಕಣ್ಣೀರು ಹಾಕಿದೆಯಲ್ಲ, ಆಮೇಲೆ ನಾನೂ ಕೂತು ನೋಡಿದೆ. ನನಗೂ ಹಾಗೇ ಕಾಣಿಸಿತು ಕಣೇ. ಆಂಟೆನಾ ಕಾಲದಲ್ಲಿ ಸಿಗ್ನಲ್ ಕೆಟ್ಟರೆ ಇರುವೆ ಹರಿದ ಹಾಗೆ ಚುಕ್ಕಿ ಬರುತ್ತಿತ್ತು. ಈ ಡಿಶ್ಶಿನಲ್ಲಿ ಚಿತ್ರವೇ ಒಡೆಯುತ್ತದಂತೆ, ಕೆಳಮನೆ ಟೈಲರ್ ಹೇಳಿದ.

ತಪ್ಪು ನನ್ನದೇ. ಡಿಶ್ಶಿನ ಕಂಬಕ್ಕೆ ಹಗ್ಗ ಕಟ್ಟಿ ಒದ್ದೆ ಕಂಬಳಿ ಒಣಹಾಕಿದ್ದೆ, ಅದರ ಭಾರಕ್ಕೆ ಡಿಶ್ಶು ವಾಲಿಕೊಂಡಿದೆ. ರಿಪೇರಿಯವನನ್ನು ಕರೆತರಲು ಹೋಗಿದ್ದೇನೆ.

ಊಟ ಮುಚ್ಚಿಟ್ಟಿದ್ದೇನೆ. ಕಣ್ಣಿಗೆ ಒಂದೇ ಹನಿ ಔಷಧಿ, ಹೆದರಿಕೊಂಡು ಎರಡು ಹಾಕಬೇಡ. ಟಿವಿಯ ತಲೆಗೆ ಹೊಡೆಯಲೂಬೇಡ, ಪಾಪ, ಅದೇನು ಮಾಡೀತು.

ನನ್ನ ಈ ಕಾಗೆ ಕಾಲು ಗುಬ್ಬಿ ಕಾಲನ್ನು ಇಲ್ಲಿತನಕ ಓದಿದೆಯಲ್ಲ, ಇನ್ನು ಅಳಬೇಡ.

ಅಕ್ಕ